ಮನೆಪದ್ಯಗಳ ಕಟ್ಟು

ನಮ್ಮ ಕಡೆಯ ಮನೆಗಳಲ್ಲಿ ಕವಿಗಳಿಗಿಂತ ಪದ್ಯಗಳೇ ಹೆಚ್ಚು. ಕವಿಯೆಂದು ಕರೆದರೆ ಕೈಮುಗಿದು ಹಿಂದೆ ಸರಿಯುವವರು ಕೂಡ ಮಗುವಿನ ನಾಮಕರಣಕ್ಕೆ ನಾಲ್ಕು ಸಾಲನ್ನೋ, ತಂಗಿಯ ಮದುವೆಗೆ ಒಂದು ಆರತಿ ಹಾಡನ್ನೋ, ನಿವೃತ್ತರಾದ ಭಾವನ ಸನ್ಮಾನಕ್ಕೆ ಒಂದು ಷಟ್ಪದಿಯನ್ನೋ ಬರೆದಿರುತ್ತಾರೆ. ಸಮಾರಂಭ ಮುಗಿದ ಮೇಲೆ ಅದನ್ನು ಕಪಾಟಿನಲ್ಲಿ ಹಾಸಿದ ಕಾಗದದ ಅಡಿಗೆ ಸೇರಿಸಿ ಮರೆತೂ ಬಿಟ್ಟಿರುತ್ತಾರೆ. ಸಾಹಿತ್ಯ ಚರಿತ್ರೆಯವರು ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಮನೆಯವರೂ ಹಿಡಿಯದೆ ಹೋದರೆ ಹೇಗೆ ಎಂಬುದಷ್ಟೇ ನನ್ನ ತಕರಾರು.

ನಮ್ಮ ಅಜ್ಜನ ಪದ್ಯಗಳು ಇದ್ದುದು ಅಡಿಕೆ ಮಾರಿದ ಲೆಕ್ಕದ ಚೀಟಿಗಳ ಬೆನ್ನಿನ ಮೇಲೆ. ಮುಂಬದಿಯಲ್ಲಿ ತೂಕ, ದರ, ಹಮಾಲಿ ಖರ್ಚು, ಹಿಂಬದಿಯಲ್ಲಿ ಪದ್ಯ. ಅವುಗಳಲ್ಲಿ ಒಂದು ಹೀಗಿದೆ:

ಹಿತ್ತಲ ಹಲಸಿಗೆ ಈ ಸಲ ತುಂಬಾ ಹಣ್ಣು,
ಮಾಡಿನ ಮೇಲಿನ ಮಂಗಕು ಅದರಲೆ ಕಣ್ಣು;
ಬೇಲಿಯ ಆಚೆಗೆ ಬಿದ್ದುದು ಭಾವನ ಮನೆಗೆ,
ತೊಳೆಗಳು ಅವರಿಗೆ, ಬೇಳೆಯೆ ಉಳಿದುದು ನಮಗೆ.

ಕೊನೆಯ ಸಾಲಿನಲ್ಲಿ ಮೊದಲು ‘ಬೇಳೆಯು ಮಾತ್ರ ನಮಗೆ’ ಎಂದಿತ್ತು. ಅಕ್ಷರಗಳ ನೆತ್ತಿಯ ಮೇಲೆ ಲಘು ಗುರುಗಳ ಗುರುತು ಹಾಕಿ ನೋಡಿದಾಗ ಒಂದು ಮಾತ್ರೆ ಕಡಿಮೆ ಬಿದ್ದಿರಬೇಕು. ‘ಮಾತ್ರ’ವನ್ನು ಹೊಡೆದು ಹಾಕಿ ‘ಉಳಿದುದು’ ಎಂದು ತಿದ್ದಿದ್ದಾರೆ. ಯಾರೂ ಅಚ್ಚು ಹಾಕಲಾರರೆಂದು ಗೊತ್ತಿದ್ದೂ ಇಷ್ಟು ಶ್ರದ್ಧೆ. ಆ ಹೊಡೆದು ಹಾಕಿದ ಪದವೂ ಕಾಣುವಂತೆ ಚೀಟಿಯ ಚಿತ್ರವನ್ನೇ ತೆಗೆದು ನಂಟರಿಗೆಲ್ಲ ಕಳಿಸಬೇಕೆಂದು ನನಗನ್ನಿಸಿದ್ದು ಇದಕ್ಕಾಗಿಯೇ. ಶುದ್ಧ ಪ್ರತಿಯಲ್ಲಿ ಪದ್ಯವಷ್ಟೇ ಇರುತ್ತದೆ, ಪದ್ಯ ಬರೆಯುತ್ತಿದ್ದ ಮನುಷ್ಯ ಇರುವುದಿಲ್ಲ.

ಚಿತ್ರ ಕಳಿಸಿದರೂ ಅರ್ಧ ಕೆಲಸವೇ. ಈ ಪದ್ಯದ ಹಿಂದಿನ ಕಥೆಯನ್ನು ಹೇಳಿದವರು ನನ್ನ ಸೋದರತ್ತೆ. ಬೇಲಿಯಾಚೆಗೆ ಬಾಗಿದ ಆ ಕೊಂಬೆಯ ವಿಷಯದಲ್ಲಿ ಎರಡು ಮನೆಗಳಿಗೆ ಮಾತು ಬಿಟ್ಟುಹೋಗಿತ್ತಂತೆ. ಅಜ್ಜ ಪದ್ಯವನ್ನು ಬರೆದು ಕೆಲಸದ ಹುಡುಗನ ಕೈಯಲ್ಲಿ ಕಳಿಸಿದರು. ಮರುದಿನ ಆ ಮನೆಯಿಂದ ಒಂದು ಪಾತ್ರೆ ತುಂಬ ಹಲಸಿನ ಹಣ್ಣಿನ ಕಡಬು ಬಂತು. ಇದನ್ನು ತಿಳಿಯದವರಿಗೆ ಇದೊಂದು ಸಾಧಾರಣ ಚುಟುಕ, ತಿಳಿದವರಿಗೆ ಒಂದು ರಾಜಿಪತ್ರ. ಆದ್ದರಿಂದ ಮನೆಪದ್ಯವನ್ನು ಹಂಚುವವರು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಬರೆದದ್ದು ಎಂಬುದನ್ನು ಅಡಿಯಲ್ಲಿ ಎರಡು ಸಾಲಿನಲ್ಲಾದರೂ ಕಾಣಿಸಬೇಕು, ಮತ್ತು ಹೇಳಬಲ್ಲ ಅತ್ತೆಯಂದಿರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಇದು ಹೊಸ ಚಾಳಿಯೇನೂ ಅಲ್ಲ. ಆದಿಕವಿ ಪಂಪನ ತಾಯಿಯ ಹೆಸರು ಅಬ್ಬಣಬ್ಬೆ ಎಂದು ನಮಗೆ ಗೊತ್ತಿರುವುದು ಅವನ ತಮ್ಮ ಜಿನವಲ್ಲಭನಿಂದ; ಇಂದಿನ ತೆಲಂಗಾಣದ ಕರೀಂನಗರದ ಕಡೆಯ ಕುರಿಕ್ಯಾಲದಲ್ಲಿ, ಗುಡ್ಡದ ಬಂಡೆಯ ಮೇಲೆ, ಅವನು 10ನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಪದ್ಯ ಕೆತ್ತಿಸಿ ಅಣ್ಣನ ಹಿರಿಮೆಯನ್ನೂ ಮನೆತನದ ವಿವರವನ್ನೂ ದಾಖಲಿಸಿದ್ದಾನೆ. 13ನೆಯ ಶತಮಾನದ ಕೇಶಿರಾಜನಂತೂ ತನ್ನ ವ್ಯಾಕರಣ ಗ್ರಂಥದಲ್ಲಿ ತಾನು ಕವಿ ಸುಮನೋಬಾಣನ ಮಗಳ ಮಗ, ಕವಿ ಜನ್ನನ ಸೋದರಳಿಯ, ಮಲ್ಲಿಕಾರ್ಜುನನ ಮಗ ಎಂದು ನೆಂಟಸ್ತಿಕೆಯನ್ನೇ ಪದ್ಯವಾಗಿ ಹೇಳಿಕೊಂಡಿದ್ದಾನೆ. ಆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಮಾಡಿದವನು. ಹಿಂದಿನ ಕವಿಗಳ ಪದ್ಯಗಳನ್ನು ಅವನು ಆಯ್ದು ಕೂಡಿಸಿಟ್ಟದ್ದರಿಂದಲೇ, ಮೂಲ ಕೃತಿ ನಮಗೆ ಸಿಗದ ಕಾವ್ಯಗಳ ಕೆಲವು ಪದ್ಯಗಳಾದರೂ ಉಳಿದುಕೊಂಡಿವೆ. ಬರೆಯುವವರ ಮನೆಯಲ್ಲಿ ಕೂಡಿಸಿಡುವವನೊಬ್ಬ ಹುಟ್ಟುವುದು ದೊಡ್ಡ ಭಾಗ್ಯ.

ಹೆಂಗಸರ ಹಾಡುಗಳ ಗತಿ ಬೇರೆ. ಅಮ್ಮನ ಹಾಡಿನ ಪುಸ್ತಕದಲ್ಲಿ ಹರಪನಹಳ್ಳಿ ಭೀಮವ್ವನ ಹಾಡೂ ಹೆಳವನಕಟ್ಟೆ ಗಿರಿಯಮ್ಮನ ಹಾಡೂ ಅಕ್ಕಪಕ್ಕದಲ್ಲಿವೆ. ಕೊನೆಯಲ್ಲಿ ಭೀಮೇಶಕೃಷ್ಣ ಎಂದೋ ಹೆಳವನಕಟ್ಟೆ ರಂಗ ಎಂದೋ ಅಂಕಿತ ಇರುವುದರಿಂದ ಯಾರದೆಂದು ತಿಳಿಯುತ್ತದೆ. ಅವುಗಳ ನಡುವೆ ಬೀಗರನ್ನು ಗೇಲಿ ಮಾಡುವ ಹಾಡುಗಳು, ತೊಟ್ಟಿಲ ಹಾಡುಗಳು ಎಷ್ಟೋ ಇವೆ, ಅಂಕಿತವಿಲ್ಲದವು. ಅವುಗಳಲ್ಲಿ ಕೆಲವನ್ನು ನಮ್ಮ ಮನೆಯವರೇ ಯಾರೋ ಕಟ್ಟಿರುವುದು ನಿಶ್ಚಯ, ಏಕೆಂದರೆ ಗೇಲಿಗೊಳಗಾದ ಬೀಗರ ಊರಿನ ಹೆಸರು ನಮಗೆ ಗೊತ್ತಿದೆ. ಆದರೆ ಕಟ್ಟಿದವರನ್ನು ಕೇಳಿದರೆ ‘ಎಲ್ಲರೂ ಹಾಡುತ್ತಿದ್ದರು’ ಎಂಬ ಉತ್ತರವಷ್ಟೇ ಬರುತ್ತದೆ. ದೇವರ ಅಂಕಿತ ಬೇಡವಾದರೆ ಸ್ವಂತ ಹೆಸರನ್ನಾದರೂ ಹಾಕಿ ಎಂದು ಈಗ ನಮ್ಮ ಮನೆಯ ಹೆಂಗಸರನ್ನು ಕಾಡುತ್ತಿದ್ದೇನೆ.

ಇನ್ನು ಬರೆಯದವರಿಂದ ಬರೆಸುವ ಮಾತು. ‘ನೀವೂ ಬರೆಯಿರಿ’ ಎಂಬ ಪ್ರೋತ್ಸಾಹದಿಂದ ಯಾರೂ ಬರೆದದ್ದನ್ನು ನಾನು ಕಾಣೆ. ‘ನಮಗೆಲ್ಲಿ ಬರುತ್ತದೆ’ ಎನ್ನುವ ವಿನಯಕ್ಕೆ ಅದು ಅವಕಾಶ ಮಾಡಿಕೊಡುತ್ತದೆ, ಅಷ್ಟೇ. ಅದೇ ಮಂದಿ ಮದುವೆ ಮನೆಯಲ್ಲಿ ಏನು ಮಾಡುತ್ತಾರೆ ನೋಡಿ. ಉತ್ತರ ಕರ್ನಾಟಕದ ಕಡೆ ಮದುಮಗಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಒಡಪು, ಎಂದರೆ ಹೆಸರನ್ನು ಸೇರಿಸಿದ ಪ್ರಾಸದ ಸಾಲು, ಕಟ್ಟಿ ಹೇಳಬೇಕು. ಸುತ್ತ ಕುಳಿತವರು ಬಿಡುವುದೂ ಇಲ್ಲ. ಹೆಸರಿಗೆ ಪ್ರಾಸ ಹುಡುಕುವ ಆ ಹುಡುಗಿ ತಾನು ಪದ್ಯ ಕಟ್ಟುತ್ತಿದ್ದೇನೆಂದು ಹೆದರಿಕೊಂಡಿರುವುದಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳನ್ನು ಓದಿ ಎಷ್ಟೋ ಜನ ಚುಟುಕ ಬರೆಯಹೊರಟದ್ದಕ್ಕೂ ಇಂಥದೇ ಕಾರಣವಿರಬೇಕು: ನಾಲ್ಕೇ ಸಾಲು, ಕೊನೆಗೊಂದು ಪ್ರಾಸ, ಮುಗಿಯುವುದೆಲ್ಲಿ ಎಂಬುದು ಮೊದಲೇ ಗೊತ್ತು. ಖಾಲಿ ಹಾಳೆಗೆ ಹೆದರುವವರು ಅರ್ಧ ತುಂಬಿದ ಹಾಳೆಗೆ ಹೆದರುವುದಿಲ್ಲ.

ಹೀಗಾಗಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಷ್ಟಾವಧಾನದ ಸಮಸ್ಯಾಪೂರಣವನ್ನು ಸ್ವಲ್ಪ ಸಡಿಲಗೊಳಿಸಿ ಜಾರಿಗೆ ತಂದೆವು. ಒಬ್ಬರು ಕೊನೆಯ ಸಾಲನ್ನು ಕೊಡುವುದು, ಉಳಿದವರು ಮೇಲಿನ ಮೂರನ್ನು ಕಟ್ಟುವುದು. ಮಾತ್ರೆಯ ಲೆಕ್ಕವನ್ನು ಬಲ್ಲವರಷ್ಟೇ ನೋಡಿಕೊಳ್ಳಲಿ, ಯಾರ ಪದ್ಯವನ್ನೂ ಯಾರೂ ತಿದ್ದಬಾರದು ಎಂಬುದೊಂದೇ ಕಟ್ಟುಪಾಡು. ನಿವೃತ್ತ ಕನ್ನಡ ಮೇಷ್ಟ್ರಾದ ನಮ್ಮ ದೊಡ್ಡಪ್ಪನಿಗೆ ಇದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟವಾಯಿತು. ‘ಕುಕ್ಕರು ಕೂಗಿತು ಮೂರನೆ ಸಲವೂ’ ಎಂಬ ಸಾಲಿಗೆ ಬೆಂಗಳೂರಿನ ಸೊಸೆ ಆಫೀಸಿನ ಮೀಟಿಂಗನ್ನೂ, ಹೈಸ್ಕೂಲಿನ ಮಾಣಿ ತನ್ನ ಗಣಿತದ ಪರೀಕ್ಷೆಯನ್ನೂ ತಂದು ಜೋಡಿಸಿದರು. ಹುಟ್ಟಿದ ಮೇಲೆ ಒಂದು ಸಾಲನ್ನೂ ಬರೆಯದ ಭಾವನೊಬ್ಬ ಅರ್ಧ ರಾತ್ರಿಯಲ್ಲಿ ಕಳಿಸಿದ ಪದ್ಯದಲ್ಲಿ ಪ್ರಾಸ ಒಂದೂ ಇರಲಿಲ್ಲ, ಆದರೆ ಕುಕ್ಕರಿನಲ್ಲಿ ನೀರು ಹಾಕದೆ ಇಟ್ಟ ವಿಷಯ ಅವನ ಹೆಂಡತಿಗೆ ತಿಳಿದದ್ದು ಆಗಲೇ.

ಮುಂದಿನ ಸಾಲನ್ನು ಕೊಡುವ ಸರದಿ ಚಿಕ್ಕಮ್ಮನದು. ‘ಅಷ್ಟರಲ್ಲೆ ಗ್ಯಾಸು ಮುಗಿದು ಹೋಯ್ತು’ ಎಂದು ಕೊಟ್ಟಿದ್ದಾರೆ. ಎಲ್ಲವೂ ಅಡಿಗೆಮನೆಯದೇ ಆಯಿತಲ್ಲ ಎಂದು ದೊಡ್ಡಪ್ಪ ಗೊಣಗಿದ್ದಕ್ಕೆ, ಹಾಗಾದರೆ ವಸಂತ ಋತುವಿನ ಮೇಲೆ ನೀವೇ ಒಂದು ಕೊಡಿ, ಅಲ್ಲಿಯವರೆಗೆ ಇದನ್ನು ಬರೆಯುತ್ತೇವೆ ಎಂದರಂತೆ.