ಒರಿಜಿನಲ್ ಆಯಿಲ್

ಬಾನೆಟ್ ತೆಗೆಯಿರಿ ಎಂದರೆ ಹಳೆಯ ಕಾರು ಮಾರುವವರು ಮೊದಲು ಹಾಡು ಹಾಕುತ್ತಾರೆ. ಮೊನ್ನೆ ಭಾನುವಾರವೂ ಅದೇ ಆಯಿತು. ನಾನು ಕೇಳಿದ್ದು ಎಂಜಿನ್ನಿನ ಮೇಲಿರುವ ಆಯಿಲ್ ಮುಚ್ಚಳವನ್ನು. ಆ ಮನುಷ್ಯ ತೋರಿಸಿದ್ದು ದೊಡ್ಡ ಪರದೆ, ಹಿಂದಿನ ಕ್ಯಾಮೆರಾ, ಬಾಗಿಲೊಳಗಿನ ನೀಲಿ ದೀಪ, ಕೊನೆಗೆ ಸನ್‌ರೂಫ್. ಅದನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. “ಮಕ್ಕಳು ಆರಾಮವಾಗಿ ನಿಂತುಕೊಂಡು ಹೋಗಬಹುದು ಸಾರ್” ಎಂದ. ಮಕ್ಕಳು ನಿಂತರೆ ಕೂರಿಸಬಹುದು. ಕಾರು ನಿಂತರೆ ಏನು ಮಾಡಬೇಕೆಂಬುದು ನನ್ನ ಚಿಂತೆ.

ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಹೊರಟವರಿಗೆಲ್ಲ ಗೊತ್ತು, ಬೆಂಗಳೂರಿನಲ್ಲಿ ಭಾನುವಾರ ಎಂಬುದು ರಜೆಯಲ್ಲ. ಆದರೆ ಟರ್ಬೊ ಪೆಟ್ರೋಲ್ ಕಾರನ್ನೇ ಹುಡುಕುತ್ತಿರುವವರ ಪಾಡು ಇನ್ನೂ ಒಂದು ಕೈ ಮೇಲು. ಬೇಡವೆಂದರೂ ಈಗ ಎಲ್ಲ ಕಡೆ ಅದೇ ಇದೆ. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಡಿಮೆ ಎಂಬ ನಿಯಮವಿದೆ. ಹಾಗಾಗಿ ಕಂಪನಿಗಳು ಎಂಜಿನ್ನನ್ನು ಒಂದು ಲೀಟರಿಗೆ ಕುಗ್ಗಿಸಿ, ಕುಗ್ಗಿದ ಬಲವನ್ನು, ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ ಕೂರಿಸಿ ವಸೂಲು ಮಾಡುತ್ತಿವೆ. ಶಿರಾಡಿ ಘಟ್ಟದಲ್ಲಿ ಅದು ಹತ್ತುವುದನ್ನು ನೋಡಿದರೆ ಖುಷಿಯಾಗುತ್ತದೆ, ಸುಳ್ಳು ಹೇಳಬಾರದು. ಹೊಗೆ ಕೊಳವೆಯ ಬಿಸಿ ಗಾಳಿಗೆ ಆ ಟರ್ಬೊದ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೇಲೆ ತಿರುಗಬಲ್ಲದು. ಅದರ ದಂಡ ತಿರುಗುವುದು ಎಂಜಿನ್ ಆಯಿಲ್‌ನ ತೆಳುವಾದ ಪದರದ ಮೇಲೆ. ಆ ಪದರ ಒಂದಿಷ್ಟು ಹೊತ್ತು ತಪ್ಪಿತೆಂದರೆ ಘಟ್ಟ ಹತ್ತಿದ ಖುಷಿಗೆಲ್ಲ ಒಟ್ಟಿಗೆ ಬಿಲ್ ಬರುತ್ತದೆ.

ಆಯಿಲ್ ಏಕೆ ತಪ್ಪುತ್ತದೆ? ಸ್ಲಡ್ಜ್‌ನಿಂದ. ಸಕಾಲಕ್ಕೆ ಬದಲಾಯಿಸದ ಆಯಿಲ್ ಕಾದು ಕಾದು, ನೀರಿನ ಪಸೆ, ಮಸಿ, ಉರಿಯದೆ ಉಳಿದ ಪೆಟ್ರೋಲ್ ಎಲ್ಲವನ್ನೂ ಕೂಡಿಸಿಕೊಂಡು ಕೊನೆಗೆ ಲೇಹ್ಯವಾಗುತ್ತದೆ. ಬಣ್ಣ, ಹದ, ಚಮಚಕ್ಕೆ ಅಂಟುವ ರೀತಿ ಎಲ್ಲ ಅದೇ. ಜೇನುತುಪ್ಪ ಸೇರಿಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಟ್ಟರೆ ಎರಡು ದಿನ ಯಾರಿಗೂ ಅನುಮಾನ ಬಾರದು. ಈ ಲೇಹ್ಯ ಕೆಳಗಿಳಿದು, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಲ್ಲಿ ಅದನ್ನು ಹೀರುವ ಕೊಳವೆಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಮೇಲಕ್ಕೆ ಹೋಗಬೇಕಾದ ಆಯಿಲ್ ಕೆಳಗೇ ಉಳಿಯುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಮಟ್ಟ ಸರಿಯಾಗಿಯೇ ಇರುತ್ತದೆ. ಅದೇ ಮೋಸ.

ಇದನ್ನೆಲ್ಲ ರಾತ್ರಿ ಹನ್ನೆರಡರವರೆಗೆ ಓದುವುದು ನನ್ನ ಹೊಸ ದುರಭ್ಯಾಸ. ಓದಿದಷ್ಟೂ ನಿದ್ದೆ ದೂರ. ಅಮೆರಿಕದಲ್ಲಿ 1.8 ಲೀಟರ್ ಟರ್ಬೊ ಎಂಜಿನ್ನಿನ ಫೋಕ್ಸ್‌ವ್ಯಾಗನ್ ಪಸಾಟ್ ಕಾರುಗಳಲ್ಲಿ ಈ ಲೇಹ್ಯದ ದೂರು ಎಷ್ಟಾಯಿತೆಂದರೆ, 1998ರಿಂದ 2004ರವರೆಗಿನ ಕಾರುಗಳಿಗೆ ಕಂಪನಿ ಅದಕ್ಕೆಂದೇ ವಾರಂಟಿಯನ್ನು ಎಂಟು ವರ್ಷಕ್ಕೆ ಏರಿಸಬೇಕಾಯಿತು. ಹೋಗಲಿ, ಟರ್ಬೊ ಇಲ್ಲದಿದ್ದರೆ ಬಚಾವೇ ಎಂದುಕೊಂಡು ಮುಂದೆ ಓದಿದರೆ, ಕೆಡುವುದೇ ಇಲ್ಲವೆಂದು ಹೆಸರಾದ ಟೊಯೋಟಾ ಕೂಡ 2002ರಲ್ಲಿ ಇದೇ ಕಾರಣಕ್ಕೆ ತನ್ನ ಗ್ರಾಹಕರನ್ನು ಸಮಾಧಾನಪಡಿಸಬೇಕಾಗಿತ್ತು. ಅದಕ್ಕೂ ಹಿಂದೆ, 1962ರಲ್ಲಿ, ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತ್ತು. ಮೆಥನಾಲ್ ಮತ್ತು ಬಟ್ಟಿ ಇಳಿಸಿದ ನೀರು ಬೆರೆಸಿದ ಒಂದು ದ್ರವವನ್ನು ಅದರ ಪುಟ್ಟ ಟ್ಯಾಂಕಿಗೆ ಆಗಾಗ ತುಂಬಿಸಬೇಕಿತ್ತು. ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂದು ಹೆಸರಿಟ್ಟರು. ಇಷ್ಟು ಭರ್ಜರಿ ಹೆಸರಿಟ್ಟರೂ ಎಷ್ಟೋ ಮಾಲೀಕರು ತುಂಬಿಸಲಿಲ್ಲ. ರಾಕೆಟ್ಟಿಗೇ ಈ ಗತಿಯಾದರೆ ಬರೀ ‘ಎಂಜಿನ್ ಆಯಿಲ್’ ಎಂಬ ಬಡಪಾಯಿಯನ್ನು ಯಾರು ಕೇಳುತ್ತಾರೆ?

ಇಲ್ಲಿ ನನ್ನ ಸಿಟ್ಟು ಇರುವುದು ಸುಳ್ಳು ಹೇಳುವವರ ಮೇಲಲ್ಲ. ಕಿಲೋಮೀಟರ್ ತಿರುಗಿಸುವವರು, ಲೇಹ್ಯ ಕಾಣದಂತೆ ಆಯಿಲ್ ಮುಚ್ಚಳವನ್ನು ಮಾತ್ರ ಒರೆಸಿ ಇಡುವವರು, ‘ಇನ್ನೂರು ಅಂಶಗಳ ತಪಾಸಣೆ’ ಎಂದು ಸೀಟು ಬೆಲ್ಟನ್ನು ಐದು ಅಂಶವಾಗಿ ಎಣಿಸುವವರು, ಇವರೆಲ್ಲ ವ್ಯಾಪಾರಸ್ಥರು. ಅವರನ್ನು ಅನುಮಾನಿಸುವುದು ಸುಲಭ. ಕಷ್ಟವಾಗುವುದು ಸತ್ಯವನ್ನೇ ಹೆಮ್ಮೆಯಿಂದ ಹೇಳುವವರಿಂದ. “ಗಾಡಿ ಹೊರಗೇ ತೆಗೆದಿಲ್ಲ ಸಾರ್, ಮನೆಯಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ಮನೆಗೆ.” ಈ ಮಾತು ಕೇಳಿದ ಕೂಡಲೇ ಕಾರು ನೋಡಲು ನನ್ನ ಜೊತೆ ಬರುವ ನಮ್ಮ ಗ್ಯಾರೇಜಿನ ಮೇಸ್ತ್ರಿ ಸ್ಪ್ಯಾನರ್ ಕೆಳಗಿಡುತ್ತಾರೆ. ದಿನಾ ಹುಬ್ಬಳ್ಳಿಗೆ ಹೋಗಿಬಂದ ಟ್ಯಾಕ್ಸಿಯನ್ನಾದರೂ ನಂಬಬಹುದು, ದೇವಸ್ಥಾನಕ್ಕೆ ಹೋದ ಟರ್ಬೊವನ್ನು ನಂಬಬಾರದು ಎಂಬುದು ಅವರ ಸಿದ್ಧಾಂತ. ದೂರ ಓಡಿ ಚೆನ್ನಾಗಿ ಬಿಸಿಯಾದರೆ ಆಯಿಲ್ ಸೇರಿದ ನೀರೂ ಪೆಟ್ರೋಲೂ ಆವಿಯಾಗಿ ಹೊರಟುಹೋಗುತ್ತವೆ. ಎರಡು ಕಿಲೋಮೀಟರಿಗೆ ಆಫ್ ಮಾಡಿದರೆ ಒಳಗೇ ಕೂರುತ್ತವೆ. ನಾಳೆ ಇನ್ನೊಂದಿಷ್ಟು. ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ನಿಂತರೂ ಮೀಟರಿನಲ್ಲಿ ಏರುವುದು ಅರ್ಧ ಕಿಲೋಮೀಟರ್, ಆಯಿಲ್‌ಗೆ ಮಾತ್ರ ಮುಕ್ಕಾಲು ಗಂಟೆಯೂ ಲೆಕ್ಕವೇ.

ಹಾಗಿದ್ದೂ ತ್ಯಾಗರಾಜನಗರದ ಯಜಮಾನರ ಮನೆಗೆ ಹೋದೆವು. ಕಾರು ಹಾಗಿತ್ತು. ಮೇಲೊಂದು ಹೊದಿಕೆ, ಹೊದಿಕೆಯ ಒಳಗೆ ಹಳೆಯ ಬೆಡ್‌ಶೀಟು, ಸೀಟುಗಳ ಮೇಲೆ ಷೋರೂಮಿನ ಪ್ಲಾಸ್ಟಿಕ್ಕು. ಐದು ವರ್ಷ ಹಳೆಯದು, ಓಡಿದ್ದು ಒಂಬತ್ತು ಸಾವಿರದ ಆರುನೂರು. ಬಾನೆಟ್ಟಿನ ಮೇಲೆ ಆಯುಧಪೂಜೆಯ ಕುಂಕುಮದ ಗುರುತು. ಒಂದು ವರ್ಷವೂ ಪೂಜೆ ತಪ್ಪಿಸಿಲ್ಲ ಎಂದರು. ಕಾಫಿ ಕೊಟ್ಟರು, ಒಳ್ಳೆಯ ಕಾಫಿ. ಆಮೇಲೆ ಫೈಲ್ ತಂದರು.

ಆ ಫೈಲಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದೊಂದು ಕಾಗದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು. ನಿಂತು ನೋಡಲು ಬಿಡಲಿಲ್ಲ, ಕೂರಿಸಿ ಓದಿದರು. ವೈಪರ್ ರಬ್ಬರ್ ಬದಲಾಯಿಸಿದ ಬಿಲ್. ಹೊಗೆ ತಪಾಸಣೆಯ ಪತ್ರ, ಹಳೆಯವೂ ಸೇರಿ. ವಿಮೆ. ರಿಮೋಟ್ ಕೀಲಿಯ ಸೆಲ್ ತಂದ ಚೀಟಿ. ನಂಬರ್ ಪ್ಲೇಟಿನ ರಸೀದಿ. ಟೈರಿಗೆ ಗಾಳಿ ಹಾಕಿಸಿದ ದಿನಾಂಕಗಳನ್ನು ತಾವೇ ರೂಳು ಎಳೆದು ಬರೆದಿಟ್ಟ ಹಾಳೆ; ಸ್ಟೆಪ್ನಿಗೆ ಬೇರೆ ಕಾಲಂ. ನಡುವೆ ಒಂದು ಕಾಗದ ಅದಲು ಬದಲಾಗಿದ್ದಕ್ಕೆ ಕ್ಷಮೆ ಕೇಳಿ, ಅದನ್ನು ತೆಗೆದು, ಸರಿಯಾದ ಕವರಿಗೆ ಸೇರಿಸಿ, ಮತ್ತೆ ಮೊದಲಿನಿಂದ ಓದಿದರು. ಮೇಸ್ತ್ರಿ ಎರಡನೆಯ ಲೋಟ ಕಾಫಿ ಮುಗಿಸಿದರು.

“ಆಯಿಲ್ ಬದಲಾಯಿಸಿದ ಬಿಲ್ ಇದೆಯೇ ಸಾರ್?” ಎಂದೆ.

“ಅದಕ್ಕೆ ಇನ್ನೂ ನಾಲ್ಕುನೂರು ಕಿಲೋಮೀಟರ್ ಇದೆಯಲ್ಲ” ಎಂದರು. ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅವರ ಬೆರಳು ‘ಹತ್ತು ಸಾವಿರ’ದ ಮೇಲೆಯೇ ನಿಂತಿತ್ತು. ಜೀವನವಿಡೀ ಲೆಕ್ಕಪತ್ರ ನೋಡಿ ನಿವೃತ್ತರಾದವರಿಗೆ ಆ ಸಾಲಿನ ಉಳಿದ ಭಾಗ ಏಕೆ ಕಾಣಲಿಲ್ಲವೋ ಆ ರಾಘವೇಂದ್ರ ಸ್ವಾಮಿಗೇ ಗೊತ್ತು. ಡ್ಯಾಶ್‌ಬೋರ್ಡಿನ ಮೇಲೆ ಐದು ವರ್ಷ ಕೂತು ಎಲ್ಲವನ್ನೂ ನೋಡಿದ್ದು ಅವರೊಬ್ಬರೇ.

ಮೇಸ್ತ್ರಿ ಮುಚ್ಚಳ ತಿರುಗಿಸಿದರು. ಟಾರ್ಚ್ ಬಿಟ್ಟರು. ಕಿರುಬೆರಳು ಒಳಗೆ ಹಾಕಿ ತೆಗೆದರು. ಬೆರಳ ತುದಿಯಲ್ಲಿ ಲೇಹ್ಯ. ಯಜಮಾನರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

“ಏನಪ್ಪಾ ಅದು?”

“ಆಯಿಲ್ ಸಾರ್.”

“ಹೇಗಿದೆ?”

ಮೇಸ್ತ್ರಿ ಒಳ್ಳೆಯ ಮನುಷ್ಯ, ಹಿರಿಯರ ಮನಸ್ಸು ನೋಯಿಸುವವರಲ್ಲ. “ಒರಿಜಿನಲ್ ಸಾರ್. ಕಂಪನಿಯಿಂದ ಬಂದದ್ದೇ.”

ಯಜಮಾನರು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂಥ ಕಳೆ! “ನೋಡಿದಿರಾ? ಎಲ್ಲವೂ ಒರಿಜಿನಲ್ ಎಂದು ಫೋನಿನಲ್ಲೇ ಹೇಳಿದ್ದೆನಲ್ಲ.”

ಬ್ಯಾಟರಿ ಇಳಿಯಬಾರದೆಂದು ದಿನಾ ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡುತ್ತಾರಂತೆ. ಅಷ್ಟರಲ್ಲಿ ಪೇಪರಿನ ಮೊದಲ ಪುಟ ಓದಿ ಮುಗಿಯುತ್ತದೆ. ಬಿಸಿಯಾಗುವ ಮೊದಲೇ ಆಫ್. ಮೇಸ್ತ್ರಿ ಅತ್ತ ತಿರುಗಿ ಕಾಂಪೌಂಡಿನ ದಾಸವಾಳದ ಗಿಡ ನೋಡುತ್ತಾ ನಿಂತರು.

ಇಷ್ಟು ಹೊತ್ತಿಗೆ ನನ್ನ ತಾಳ್ಮೆಯೂ ಗಟ್ಟಿಯಾಗಿ ಜಾಲರಿಗೆ ಮೆತ್ತಿಕೊಂಡಿತ್ತು. ಐದು ವರ್ಷ ಎಲ್ಲಿಗೂ ಹೋಗದವರಿಗೆ ಟರ್ಬೊ ಏಕೆ ಬೇಕಿತ್ತು ಎಂದು ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. “ಘಟ್ಟ ಹತ್ತುವುದಕ್ಕೆ” ಎಂದರು. ನಿವೃತ್ತಿಯಾದ ಮೇಲೆ ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲ ನಿಧಾನವಾಗಿ ನೋಡಿಕೊಂಡು ಬರೋಣವೆಂದು ಇಬ್ಬರೂ ಲೆಕ್ಕ ಹಾಕಿದ್ದರು. ಕಾರು ಬಂದ ಮೂರನೆಯ ತಿಂಗಳಿಗೆ ಮನೆಯವರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ಜಯನಗರದ ಆಸ್ಪತ್ರೆಗೆ. ಹೋಗಲು ಎರಡು ಕಿಲೋಮೀಟರ್, ಬರಲು ಎರಡು. “ಈಗ ಜನವರಿಯಿಂದ ಅದೂ ಇಲ್ಲ” ಎಂದು ಫೈಲಿನ ದಾರ ಕಟ್ಟಿದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಲೇಹ್ಯ ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ಅದನ್ನು ತೋರಿಸಿ ಬೆಲೆ ಇಳಿಸುವುದು ಯಾವ ಬಾಯಿಂದ? ಮೇಸ್ತ್ರಿಯೇ ಮಾತಾಡಿದರು. ಎಂಜಿನ್ ಒಳಗೆ ತೊಳೆಯಲೆಂದು ಡಬ್ಬಿಯಲ್ಲಿ ಸಿಗುವ ಫ್ಲಶ್ ಹಾಕುವುದು ಬೇಡ, ಕಿತ್ತುಬಂದ ಚೂರುಗಳು ನೇರ ಜಾಲರಿಗೆ ಬೀಳುತ್ತವೆ ಎಂದರು. ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ, ಚೇಂಬರ್ ಇಳಿಸಿ, ಕೈಯಿಂದ ತೊಳೆದು, ಹೊಸ ಆಯಿಲ್ ಹಾಕಬೇಕು; ಸಾವಿರ ಕಿಲೋಮೀಟರಿಗೆ ಅದನ್ನೂ ಬದಲಾಯಿಸಬೇಕು. ಅಷ್ಟಾದರೂ ಟರ್ಬೊ ಎಷ್ಟು ದಿನ ಬಾಳುತ್ತದೆಂದು ಹೇಳಲಾರೆ ಎಂದರು. ಯಜಮಾನರು ಎಲ್ಲವನ್ನೂ ಬರೆದುಕೊಂಡರು. ಯೋಚಿಸಿ ಹೇಳುತ್ತೇನೆ ಎಂದು ನಾನು ಹೊರಟೆ. ಹೊರಡುವಾಗ ಮೇಸ್ತ್ರಿಯ ಫೋನ್ ನಂಬರನ್ನೂ ಅವರು ಕೇಳಿ ಬರೆದುಕೊಂಡದ್ದು ನೋಡಿದೆ.

ನಿನ್ನೆ ಸಂಜೆ ಯಜಮಾನರ ಕರೆ ಬಂತು. ಮೇಸ್ತ್ರಿ ಗುರುವಾರವೇ ಹೋಗಿ ಚೇಂಬರ್ ಇಳಿಸಿ ತೊಳೆದು ಬಂದಿದ್ದಾರೆ. ನನ್ನಿಂದ ನೋಡುವ ಕೂಲಿ, ಅವರಿಂದ ತೊಳೆಯುವ ಕೂಲಿ. ನಾನೂ ಮನಸ್ಸು ಮಾಡಿದ್ದೆ. ಯಜಮಾನರು ಹೇಳಿದ ಬೆಲೆಗೇ ತೆಗೆದುಕೊಂಡು ಮೊದಲು ಹೊರನಾಡಿಗೆ ಓಡಿಸಿಬಿಡೋಣ ಎಂದು. ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅವರು ಬೆಲೆಗೆ ಮೂವತ್ತು ಸಾವಿರ ಸೇರಿಸಿದರು.

“ಹೊಸ ಆಯಿಲ್ ಹಾಕಿಸಿದ್ದೇನಲ್ಲ ಸ್ವಾಮಿ” ಎಂದರು. “ಬಿಲ್ ಫೈಲಿನಲ್ಲಿದೆ. ಬನ್ನಿ, ಓದಿ ಹೇಳುತ್ತೇನೆ.”