ನ್ಯಾನೋ ಬರಲಿ, ಲೆಕ್ಕವೂ ಬರಲಿ

ಈಗ ಗೊಬ್ಬರದ ಮಾತೆತ್ತಿದರೆ ನ್ಯಾನೋ ಯೂರಿಯಾದ ಮಾತೂ ಬರುತ್ತದೆ. ಅತಿ ಸಣ್ಣ ಕಣಗಳ, ಎಲೆಗೆ ಸಿಂಪಡಿಸುವ ದ್ರವ ಯೂರಿಯಾ ಅದು. ಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೋ 2021ರಲ್ಲಿ ಇದನ್ನು ತಂದಾಗ, ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೋ ಯೂರಿಯಾ ಚೀಲಕ್ಕೆ ಸಮ ಎಂದಿತ್ತು. ಸುಮ್ನೆ ಲೆಕ್ಕ ಹಾಕಿ ನೋಡಿ. ಆ ಬಾಟಲಿಯಲ್ಲಿದ್ದ ಸಾರಜನಕ ಶೇ. 4, ಅಂದರೆ 20 ಗ್ರಾಂ. ಚೀಲದಲ್ಲಿ ಶೇ. 46, ಅಂದರೆ 20 ಕಿಲೋಗಿಂತ ಜಾಸ್ತಿ. ಕಣ ಸಣ್ಣದು, ಎಲೆ ನೇರ ಹೀರುತ್ತದೆ, ಪೋಲಾಗುವುದಿಲ್ಲ ಎಂಬುದು ಅವರ ವಾದ. ಸರಿ. ಚೀಲದ ಮುಕ್ಕಾಲು ಪಾಲು ಪೋಲಾದರೂ ಗಿಡಕ್ಕೆ ಐದು ಕಿಲೋ ಸಿಕ್ಕಿತು ಅಲ್ವಾ? ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ತಗ್ಗಿತ್ತು.

ಹಾಗಂತ ನಾನು ನ್ಯಾನೋ ವಿರೋಧಿ ಅಲ್ಲ. ಮದ್ರಾಸ್ ಐಐಟಿಯ ಟಿ. ಪ್ರದೀಪ್ (ಕೇರಳದವರೇ) ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಚಿನ್ನದ ನ್ಯಾನೋ ಕಣಗಳು ನೀರಲ್ಲಿ ಕೆಂಪಗೆ ಕಾಣುತ್ತವೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಅಂಟಿಕೊಂಡರೆ ಬಣ್ಣ ನೀಲಿಯ ಕಡೆ ತಿರುಗುತ್ತದೆ. ಅದೇ ಕಣಗಳಿಂದ ವಿಷವನ್ನು ನೀರಿನಿಂದ ಹೊರತೆಗೆಯಲೂ ಆಗುತ್ತದೆ.

ಎಂಡೋಸಲ್ಫಾನ್! ನಮ್ಮ ಕಾಸರಗೋಡು ಜಿಲ್ಲೆಯ ಪಡ್ರೆ, ಸ್ವರ್ಗ ಎಂಬ ಊರುಗಳವರಿಗೆ ಈ ಹೆಸರು ವಿವರಿಸಬೇಕಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಕೆಳಗೆ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ), ತೋಡು (ಹಳ್ಳ)ಗಳ ನೀರು ಕುಡಿಯುವ ಮನೆಗಳು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ಪರಿಹಾರ ಕೊಡಿ ಎಂಬ ಆದೇಶ 2017ರಲ್ಲಿ. ಬಣ್ಣ ಬದಲಾಗುವ ಆ ಪರೀಕ್ಷೆ ಆಗಲೇ ಇದ್ದು, ಊರವರ ಕೈಗೆ ಸಿಕ್ಕಿದ್ದರೆ? ನನಗಂತೂ ಗೊಬ್ಬರದ ಬಾಟಲಿಗಿಂತ ಮೊದಲು ಪಂಚಾಯತ್ ಆಫೀಸಿಗೆ ಬರಬೇಕಾದ ನ್ಯಾನೋ ಇದೇ.

ಇನ್ನು ಅಡಿಕೆಯ ವಿಷಯ. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ವರ್ಷ ವರ್ಷವೂ ಅದರ ತಾಮ್ರ ಮಳೆಗೆ ತೊಳೆದು ತೋಟದ ಮಣ್ಣಿಗೇ ಸೇರುತ್ತದೆ. ನ್ಯಾನೋ ತಾಮ್ರದಿಂದ ಅದರ ಪ್ರಮಾಣ ಇಳಿದರೆ ಮೊದಲು ಕೊಳ್ಳುವವನು ನಾನೇ. ಆದರೆ ಶಿಲೀಂಧ್ರವನ್ನು ಕೊಲ್ಲುವಷ್ಟು ಚುರುಕಾದ ಕಣ ತೋಡಿಗೆ ಇಳಿದ ಮೇಲೆ ಮೀನು ಕಪ್ಪೆಗಳಿಗೆ ಏನು ಮಾಡುತ್ತದೆ ಎಂದು ಮಾರುವವರು ಮೊದಲೇ ಹೇಳಬೇಕು. "ಏನೂ ಆಗಲ್ಲ" ಎಂಬ ಮಾತನ್ನು ಈ ಜಿಲ್ಲೆಯವರು ಒಮ್ಮೆ ಕೇಳಿ ಆಗಿದೆ.

ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವುದು ನಮ್ಮ ಕಾಸರಗೋಡಿನಲ್ಲೇ. ಎರಡು ಮಳೆಗಾಲ ಇಲ್ಲಿನ ತೋಟಗಳಲ್ಲೇ ಪರೀಕ್ಷೆ ನಡೆಯಲಿ. ರೋಗ ಎಷ್ಟು ತಗ್ಗಿತು, ತೋಡಿನ ನೀರಲ್ಲಿ ತಾಮ್ರ ಎಷ್ಟು ಸಿಕ್ಕಿತು, ಎರಡನ್ನೂ ಪಂಚಾಯತಿನ ಗೋಡೆಗೆ ಅಂಟಿಸಲಿ. ಮಲಯಾಳದ ಜೊತೆ ಕನ್ನಡದಲ್ಲೂ.