ಎಲಿವೇಟರ್ಸ್ ಹಾಡುಗಳನ್ನು ಅವರ ದಂತಕಥೆಗಳ ಜೊತೆಗೇ ಕೇಳಬೇಕಾ?

1965ರ ಕೊನೆಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ‘ದಿ ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್’ ಎಂಬ ರಾಕ್ ಬ್ಯಾಂಡ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. ಅದರ ಸುತ್ತ ಹುಟ್ಟಿದ ಕಥೆಗಳು ಮಾತ್ರ ಇವತ್ತಿಗೂ ಓಡಾಡುತ್ತಿವೆ. ಹಾಡು ಕೇಳುವಾಗ ಆ ಕಥೆಗಳೂ ಜೊತೆಗಿರಬೇಕಾ, ಬೇಡವಾ?

ಪರ: ಕಥೆಯೂ ಅವರದೇ

ಮೊದಲು ಹೆಸರನ್ನೇ ನೋಡಿ. ಅಮೆರಿಕದ ಎಷ್ಟೋ ಕಟ್ಟಡಗಳಲ್ಲಿ 13 ಅಪಶಕುನ ಅಂತ 13ನೇ ಮಹಡಿಯೇ ಇರುವುದಿಲ್ಲ. ಲಿಫ್ಟ್ 12ರಿಂದ ನೇರ 14ಕ್ಕೆ ಹೋಗುತ್ತದೆ. ಇಲ್ಲದ ಮಹಡಿಗೆ ಕರೆದುಕೊಂಡು ಹೋಗುವ ಲಿಫ್ಟ್ ನಾವು ಅಂತ ಈ ಹುಡುಗರು ಹೆಸರಿಟ್ಟುಕೊಂಡರು. ಇಂಗ್ಲಿಷ್ ವರ್ಣಮಾಲೆಯ 13ನೇ ಅಕ್ಷರ ಎಂ. ಅದು ಗಾಂಜಾಕ್ಕೆ ಇಟ್ಟ ಗುಟ್ಟಿನ ಸೂಚನೆ ಎಂಬ ಮಾತೂ ಇದೆ. ಅಂದರೆ ಹಾಡು ಶುರುವಾಗುವ ಮೊದಲೇ ಕಥೆ ಶುರುವಾಗಿತ್ತು. ಬೇರೆಯವರು ಯಾರೋ ಆಮೇಲೆ ಬಂದು ಅಂಟಿಸಿದ್ದಲ್ಲ.

ಬ್ಯಾಂಡಿನ ಟಾಮಿ ಹಾಲ್ ಅವರನ್ನೇ ತೆಗೆದುಕೊಳ್ಳಿ. ಅವರು ಗಿಟಾರ್ ನುಡಿಸಲಿಲ್ಲ, ಡ್ರಮ್ಸ್ ಬಾರಿಸಲಿಲ್ಲ. ಒಂದು ಹೂಜಿ ಹಿಡಿದುಕೊಂಡು ವೇದಿಕೆ ಹತ್ತಿದರು. ಅದರ ಬಾಯಿಗೆ ಮೈಕ್ ಒತ್ತಿ, ಒಳಗೆ ತಮ್ಮ ದನಿ ಬಿಡುತ್ತಿದ್ದರು. ನಮ್ಮ ಘಟವನ್ನು ನೆನೆಸಿಕೊಳ್ಳಬೇಡಿ. ಇಲ್ಲಿ ಬೆರಳಿಗೆ ಕೆಲಸವಿಲ್ಲ, ಎಲ್ಲಾ ಬಾಯಿಯದೇ. ಬಾವಿಯೊಳಗೆ ನಿಂತು ಯಾರೋ ಗಡಿಬಿಡಿಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ. ಮೊದಲ ಸಲ ಕೇಳಿದವರಿಗೆ ಇದೇನು ಸದ್ದು ಅನ್ನಿಸದೇ ಇರುವುದಿಲ್ಲ. ಹೆಚ್ಚಿನ ಹಾಡುಗಳ ಸಾಹಿತ್ಯವೂ ಅವರದೇ. 1966ರಲ್ಲಿ ಬಂದ ಮೊದಲ ಆಲ್ಬಮ್‌ನ ಹಿಂಬದಿಯಲ್ಲಿ ಹಾಡುಗಳ ಹಿಂದಿನ ವಿಚಾರವನ್ನು ಅವರೇ ಬರೆದು ವಿವರಿಸಿದರು. ಮನಸ್ಸಿನ ಬಾಗಿಲು ತೆರೆಯುವುದೇ ಈ ಸಂಗೀತದ ಕೆಲಸ ಅಂತ ಅವರು ನಂಬಿದ್ದರು. ಅದನ್ನು ಪಕ್ಕಕ್ಕಿಟ್ಟು ಸುಮ್ನೆ ರಾಗ, ತಾಳ ಕೇಳಿದರೆ ಅವರು ಹೇಳಲು ಹೊರಟಿದ್ದರಲ್ಲಿ ಅರ್ಧ ಬಿಟ್ಟಂತೆ.

ಅದೇ ವರ್ಷ ಅವರು ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಹೋದರು. ನಿಮ್ಮಲ್ಲಿ ಹೆಡ್ ಯಾರು ಎಂದು ನಿರೂಪಕ ಡಿಕ್ ಕ್ಲಾರ್ಕ್ ಕೇಳಿದರು. ನಾವೆಲ್ಲರೂ ಹೆಡ್‌ಗಳೇ ಎಂದರು ಟಾಮಿ. ಆಗಿನ ಹುಡುಗರ ಮಾತಿನಲ್ಲಿ ನಶೆ ಮಾಡುವವರಿಗೂ ‘ಹೆಡ್’ ಅನ್ನುತ್ತಿದ್ದರು. ಅವರು ಬಂದದ್ದು ಎಲ್ಲಿಂದ ಎಂಬುದನ್ನು ನೆನಪಿಡಿ. ಟೆಕ್ಸಸ್‌ನಲ್ಲಿ ಆಗ ಒಂದಿಷ್ಟು ಗಾಂಜಾ ಸಿಕ್ಕರೂ ಜೀವಾವಧಿವರೆಗೆ ಶಿಕ್ಷೆ ಕೊಡಬಹುದಿತ್ತು. ಆ ಸದ್ದಿನ ಹಿಂದಿನ ಎದೆಗಾರಿಕೆ ಈ ಕಥೆ ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತದೆ.

ಇನ್ನೊಂದು ಮಾತು. ‘ಯು ಆರ್ ಗೊನ್ನಾ ಮಿಸ್ ಮಿ’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 55ನೇ ಸ್ಥಾನ ಮುಟ್ಟಿತು. ಅವರ ದೊಡ್ಡ ಗೆಲುವು ಅಂದರೆ ಅಷ್ಟೇ. ಇಷ್ಟು ಸಣ್ಣ ಗೆಲುವಿನ ಎಷ್ಟೋ ಬ್ಯಾಂಡ್‌ಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಇವರನ್ನು ಉಳಿಸಿದ್ದು ಬಾಯಿಂದ ಬಾಯಿಗೆ ಹೋದ ಕಥೆ. 1990ರಲ್ಲಿ ಆರ್‌ಇಎಂ, ಝಡ್‌ಝಡ್ ಟಾಪ್‌ನಂಥ ಬ್ಯಾಂಡ್‌ಗಳು ಸೇರಿ ಗಾಯಕ ರಾಕಿ ಎರಿಕ್ಸನ್ ಅವರ ಗೌರವಕ್ಕೆ ಒಂದು ಆಲ್ಬಮ್ ಮಾಡಿದವು. 2015ರಲ್ಲಿ ಆಸ್ಟಿನ್‌ನ ‘ಲೆವಿಟೇಷನ್’ ಉತ್ಸವದಲ್ಲಿ ರಾಕಿ, ಟಾಮಿ, ಜಾನ್ ಐಕ್ ವಾಲ್ಟನ್, ರಾನಿ ಲೆದರ್‌ಮನ್ ಮತ್ತೆ ಒಟ್ಟಿಗೆ ನುಡಿಸಿದರು. ಆ ಉತ್ಸವದ ಹೆಸರೇ ಇವರ ಒಂದು ಹಾಡಿನದು. ಕಥೆ ಸತ್ತಿದ್ದರೆ ಆ ವೇದಿಕೆ ಎಲ್ಲಿರುತ್ತಿತ್ತು?

ವಿರೋಧ: ಕಥೆಯ ಕೆಳಗೆ ಮನುಷ್ಯರಿದ್ದಾರೆ

ನಾನೂ ಈ ಬ್ಯಾಂಡಿಗೆ ಬಂದದ್ದು ಕಥೆಯ ದಾರಿಯಲ್ಲೇ. ಎಲ್‌ಎಸ್‌ಡಿ ಎಂಬ ನಶೆಯ ಮಾದಕವಸ್ತು ತೆಗೆದುಕೊಂಡು ಹುಚ್ಚನಾದ ಮೇಧಾವಿ ಗಾಯಕ, ತನ್ನೊಳಗೆ ಮಂಗಳ ಗ್ರಹದವನು ಇದ್ದಾನೆ ಎಂದವನು. ಇದೇ ಕಥೆ ಅಲ್ವಾ ಎಲ್ಲರೂ ಹೇಳುವುದು? ಈಗ ಅದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ನಡೆದದ್ದು ಹೀಗೆ. 1968ರಲ್ಲಿ ವೈದ್ಯರು ರಾಕಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದೆ ಎಂದರು. ಕರೆಂಟ್ ಶಾಕ್ ಕೊಟ್ಟರು. 1969ರಲ್ಲಿ ಆಸ್ಟಿನ್‌ನಲ್ಲಿ ಒಂದೇ ಒಂದು ಗಾಂಜಾ ಸಿಗರೇಟಿನ ಜೊತೆ ಅವರು ಸಿಕ್ಕಿಬಿದ್ದರು. ಜೈಲು ತಪ್ಪಿಸಲು ಮನಸ್ಸು ಸ್ಥಿಮಿತದಲ್ಲಿಲ್ಲ ಎಂಬ ವಾದ ಹೂಡಿದರು. ಆಸ್ಪತ್ರೆಗೆ ಹಾಕಿದರೆ ಅಲ್ಲಿಂದ ತಪ್ಪಿಸಿಕೊಂಡರು. ಕೊನೆಗೆ ಅಪರಾಧ ಮಾಡಿದ ಮನೋರೋಗಿಗಳನ್ನು ಇಡುವ ರಸ್ಕ್ ಆಸ್ಪತ್ರೆಗೆ ಕಳಿಸಿದರು. ಕೊಲೆ ಮಾಡಿದವರ ನಡುವೆ 1972ರವರೆಗೆ ಅಲ್ಲೇ ಇದ್ದರು. ಒಳಗೆ ಹೋದಾಗ ಅವರಿಗೆ 22 ವರ್ಷ. ಟೆಕ್ಸಸ್ ತನ್ನ ಗಾಂಜಾ ಕಾನೂನನ್ನು ಸಡಿಲಿಸಿದ್ದು ಅವರು ಹೊರಬಂದ ಮರುವರ್ಷ, 1973ರಲ್ಲಿ.

ದಂತಕಥೆ ಹೇಳದೆ ಬಿಡುವ ಸಂಗತಿ ಒಂದಿದೆ. ರಸ್ಕ್‌ನ ಒಳಗೂ ರಾಕಿ ಕೆಲಸ ಬಿಡಲಿಲ್ಲ. ರಾಶಿ ಹಾಡು ಬರೆದರು. ಅಲ್ಲಿದ್ದವರನ್ನೇ ಸೇರಿಸಿ ಬ್ಯಾಂಡ್ ಕಟ್ಟಿದರು. ಅದನ್ನು ಹುಚ್ಚಿನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಆ ಜಾಗದಲ್ಲೂ ಕಸುಬು ಕೈಬಿಡದ ಹಾಡುಗಾರ ಅವರು. ಆಮೇಲೆ ವರ್ಷಗಟ್ಟಲೆ ಸರಿಯಾದ ಔಷಧಿ ಇಲ್ಲದೆ ಒದ್ದಾಡಿದರು. 2001ರಲ್ಲಿ ಅವರ ತಮ್ಮ ಸಮ್ನರ್ ರಾಕಿಯ ಹೊಣೆ ಹೊತ್ತು ಚಿಕಿತ್ಸೆ ಕೊಡಿಸಿದ ಮೇಲೆ ಚೇತರಿಸಿಕೊಂಡು ಮತ್ತೆ ವೇದಿಕೆ ಹತ್ತಿದರು. 2019ರಲ್ಲಿ ತೀರಿಕೊಂಡರು. ಅವರನ್ನು ವೇದಿಕೆಗೆ ಮರಳಿಸಿದ್ದು ದಂತಕಥೆಯಲ್ಲ. ಜೊತೆಗೆ ನಿಂತ ತಮ್ಮ ಮತ್ತು ಹೊತ್ತಿಗೆ ಸರಿಯಾಗಿ ಸಿಕ್ಕ ಔಷಧಿ.

ಎಲ್ಲವೂ ನಶೆಯಿಂದ ಬಂತು ಎಂಬ ಮಾತೂ ನಿಲ್ಲುವುದಿಲ್ಲ. ಅವರ ಅತ್ಯಂತ ಹೆಸರಾದ ಹಾಡು ‘ಯು ಆರ್ ಗೊನ್ನಾ ಮಿಸ್ ಮಿ’. ಅದನ್ನು ರಾಕಿ ಹದಿಹರೆಯದಲ್ಲೇ ಬರೆದಿದ್ದರು. ಈ ಬ್ಯಾಂಡಿಗೂ ಮೊದಲು, ‘ಸ್ಪೇಡ್ಸ್’ ಎಂಬ ಬ್ಯಾಂಡಿನ ಜೊತೆ ರೆಕಾರ್ಡ್ ಕೂಡ ಮಾಡಿದ್ದರು. ಆ ಹಾಡಿನಲ್ಲಿ ಕೇಳಿಸುವ ಕಿರುಚು ಅವರ ಗಂಟಲಿನದು. ಯಾವ ಮಾತ್ರೆಯದೂ ಅಲ್ಲ.

ನಶೆಯಲ್ಲಿ ಮನಸ್ಸು ಕಾಣುವ ಲೋಕವನ್ನು ಹೇಳುವ ‘ಸೈಕೆಡೆಲಿಕ್’ ಪದ ಮೊದಲು ಬಳಸಿದ ಬ್ಯಾಂಡ್ ಇದು ಅಂತಾರೆ. ‘ಹೋಲಿ ಮೋಡಲ್ ರೌಂಡರ್ಸ್’ ಎಂಬ ತಂಡ ಅದನ್ನು 1964ರಲ್ಲೇ ಹಾಡಿಯಾಗಿತ್ತು. ಹೆಸರಾಂತ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಈ ಬ್ಯಾಂಡ್ ಸೇರುವವರಿದ್ದರು ಅಂತಾರೆ. ಆಸ್ಟಿನ್‌ನಲ್ಲಿ ಇವರಿದ್ದ ವೇದಿಕೆಯಲ್ಲೇ ಅವರೂ ಹಾಡಿದ್ದರು, ನಿಜ. ಆದರೆ ಎಲಿವೇಟರ್ಸ್‌ನ ಬೆಲೆ ಹೆಚ್ಚಿಸಲು ಇನ್ನೊಬ್ಬರ ಹೆಸರು ಯಾಕೆ ಬೇಕು?

ಇದಕ್ಕಿಂತ ದೊಡ್ಡ ತಕರಾರು ನನ್ನದು ಮಿಕ್ಕವರ ಬಗ್ಗೆ. ಕಥೆಯಲ್ಲಿ ಇಬ್ಬರಿಗೇ ಜಾಗ: ಹುಚ್ಚ ಗಾಯಕ, ಹೂಜಿಯ ಗುರು. ಡ್ರಮ್ಸ್ ಬಾರಿಸುತ್ತಿದ್ದ ಜಾನ್ ಐಕ್ ಎಲ್‌ಎಸ್‌ಡಿಯಿಂದ ದೂರ ನಿಲ್ಲಲು ಬಯಸಿದವರು. ಹೀಗಾಗಿ ಕಥೆಗೆ ಅವರು ಬೇಡವಾದರು. ಒಳ್ಳೊಳ್ಳೆಯ ಹಾಡು ಬರೆದುಕೊಟ್ಟ ಪಾವೆಲ್ ಸೇಂಟ್ ಜಾನ್ ಹೆಸರು ಎಷ್ಟು ಜನಕ್ಕೆ ಗೊತ್ತು? ‘ಸ್ಪ್ಲಾಶ್ 1’ ಎಂಬ ಮೆತ್ತನೆಯ ಹಾಡನ್ನು ರಾಕಿ ಜೊತೆ ಬರೆದದ್ದು ಟಾಮಿಯ ಹೆಂಡತಿ ಕ್ಲೆಮೆಂಟೈನ್. ಅವರು ಬರೀ ‘ಹೆಂಡತಿ’ಯಾಗಿ ಉಳಿದರು.

ಇನ್ನು ಗಿಟಾರಿನ ಸ್ಟೇಸಿ ಸದರ್ಲೆಂಡ್. ಟೆಕ್ಸಸ್‌ನ ಕೆರ್‌ವಿಲ್ ಕಡೆಯ ಹುಡುಗ. 1969ರಲ್ಲಿ ಬಂದ ಕೊನೆಯ ಆಲ್ಬಮ್ ‘ಬುಲ್ ಆಫ್ ದಿ ವುಡ್ಸ್’ ಬಹುಪಾಲು ಇವರ ಶ್ರಮ. 1978ರಲ್ಲಿ ಹ್ಯೂಸ್ಟನ್‌ನ ಮನೆಯಲ್ಲಿ ಗುಂಡೇಟಿಗೆ ಸತ್ತರು. ಆ ಸಾವಿನ ಬಗ್ಗೆ ಬರೆಯುವವರು ಅವರ ಗಿಟಾರ್ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ಕಥೆ ಹೇಗೆ ವ್ಯಾಪಾರವಾಯಿತು ನೋಡಿ. 1968ರಲ್ಲಿ ಬ್ಯಾಂಡಿನ ರೆಕಾರ್ಡ್ ಕಂಪನಿ ‘ಇಂಟರ್‌ನ್ಯಾಷನಲ್ ಆರ್ಟಿಸ್ಟ್ಸ್’ ಒಂದು ‘ಲೈವ್’ ಆಲ್ಬಮ್ ತಂದಿತು. ಅದರಲ್ಲಿದ್ದವು ಸ್ಟುಡಿಯೋದಲ್ಲಿ ಉಳಿದುಹೋಗಿದ್ದ ರೆಕಾರ್ಡಿಂಗ್‌ಗಳು. ಮೇಲೆ ಚಪ್ಪಾಳೆ, ಕೂಗಾಟ ಸೇರಿಸಿ ಮಾರಿದರು. ದಂತಕಥೆಯೂ ನನಗೆ ಹಾಗೆಯೇ, ಆಮೇಲೆ ಸೇರಿಸಿದ ಚಪ್ಪಾಳೆಯಂತೆ ಕೇಳಿಸುತ್ತದೆ.

1967ರ ‘ಈಸ್ಟರ್ ಎವೆರಿವೇರ್’ ಆಲ್ಬಮ್ ಹಾಕಿ. ಮೊದಲ ಹಾಡು ‘ಸ್ಲಿಪ್ ಇನ್‌ಸೈಡ್ ದಿಸ್ ಹೌಸ್’, ಸುಮಾರು ಎಂಟು ನಿಮಿಷದ್ದು. ರಾಕಿಯ ದನಿ ಬಿಟ್ಟು, ಹೂಜಿಯ ಸದ್ದೂ ಬಿಟ್ಟು, ಒಂದು ಸಲ ಸ್ಟೇಸಿಯ ಗಿಟಾರನ್ನಷ್ಟೇ ಹಿಡಿದು ಹೋಗಿ. ಅದು ಎಲ್ಲೂ ಆತುರ ಮಾಡುವುದಿಲ್ಲ. ಒಂದೇ ಎಳೆಯನ್ನು ಮತ್ತೆ ಮತ್ತೆ ಸುತ್ತುತ್ತಾ ಹೋಗುತ್ತದೆ. ಎಂಟು ನಿಮಿಷ ಕಳೆದದ್ದೇ ಗೊತ್ತಾಗುವುದಿಲ್ಲ.